ನಾಲಿಗೆಯ ತುದಿಗೆ ಬಂದ ಮಾತು

ಊರಿನ ದೊಡ್ಡ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಅಂಕಣಕ್ಕೆ ಬಂದು ನಿಂತಿದೆ, ಯಾವುದು ಇನ್ನೇನು ಹೊರಡಲಿದೆ ಎಂದು ಮೈಕಿನಲ್ಲಿ ಹೇಳುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ಮೈಕಮ್ಮ ಎನ್ನುತ್ತಿದ್ದರು. ಅವಳ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಇಲ್ಲವೇ ಇಲ್ಲ. ತರಕಾರಿ ಅಂಗಡಿಯಲ್ಲಿ ಅರ್ಧ ಕೆಜಿ ಟೊಮೇಟೊ ಕೇಳಿದರೂ ಸಾಕು, ಪಕ್ಕದಲ್ಲಿದ್ದವರು ಗಕ್ಕನೆ ತಿರುಗಿ, ಈ ಟೊಮೇಟೊ ಯಾವ ಅಂಕಣದಿಂದ ಹೊರಡುತ್ತದೆ ಎಂದು ಕೇಳಿ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಗುತ್ತಿತ್ತು.

ಮೊದಲು ಅವಳು ಅದೇ ನಿಲ್ದಾಣದ ಪಾರ್ಸೆಲ್ ಕೋಣೆಯಲ್ಲಿ ಗಂಟುಗಳಿಗೆ ಚೀಟಿ ಅಂಟಿಸುತ್ತಿದ್ದಳು. ಒಂದು ದಿನ ಮೈಕಿನವನ ಗಂಟಲು ಕಟ್ಟಿತು. ಕಂಟ್ರೋಲರ್ ಸುತ್ತ ಕಣ್ಣಾಡಿಸಿ, ಎದುರಿಗೆ ಸಿಕ್ಕ ಇವಳ ಕೈಗೆ ವೇಳಾಪಟ್ಟಿ ತುರುಕಿ, ಓದೋಕೆ ಬರುತ್ತಲ್ಲ, ಹೋಗಿ ಓದಿ ಎಂದರು. ಓದಿದಳು. ಆ ಹೊತ್ತು ನಿಲ್ದಾಣದ ಗದ್ದಲವೆಲ್ಲ ಒಂದು ಕ್ಷಣ ಕಿವಿಗೊಟ್ಟಿತು ಎನ್ನುವುದು ಕಂಟ್ರೋಲರ್ ಆಮೇಲೆ ಕಟ್ಟಿದ ಕತೆ. ಮೈಕಿನವನ ಗಂಟಲು ನಾಲ್ಕು ದಿನಕ್ಕೆ ಸರಿಹೋಯಿತು. ಆದರೆ ಚೀಟಿ ಅಂಟಿಸುವ ಕೆಲಸ ಅವನ ಪಾಲಿಗೆ ಬಂತು.

ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಮೇಲೆ ಅವಳ ಗೂಡು. ಇಬ್ಬರು ಒಳಗಿದ್ದರೆ ಒಬ್ಬರು ತಿರುಗಬೇಕಾದಾಗ ಇನ್ನೊಬ್ಬರು ಹೊರಗೆ ಹೋಗಬೇಕು, ಅಷ್ಟು ಇಕ್ಕಟ್ಟು. ಕತ್ತು ಬಗ್ಗಿಸಿದ ಒಂದು ಮೈಕು, ಅದರ ಬುಡದಲ್ಲಿ ಒಂದು ಗುಂಡಿ. ಗುಂಡಿ ಒತ್ತಿದರೆ ಕೆಂಪು ದೀಪ ಹೊತ್ತುತ್ತದೆ, ಆಮೇಲೆ ಕೆಮ್ಮಿದರೂ ಊರಿಗೆಲ್ಲ ಕೇಳುತ್ತದೆ. ಎದುರಿಗೆ ಅಗಲವಾದ ಗಾಜು. ಅಲ್ಲಿಂದ ಎಲ್ಲ ಅಂಕಣಗಳು, ಬೆಂಚುಗಳು, ನೀರಿನ ಬಾಟಲಿಯ ಅಂಗಡಿ, ಶೌಚಾಲಯದ ಮುಂದಿನ ಸಾಲು, ಎಲ್ಲವೂ ಕಾಣುತ್ತಿದ್ದವು. ಎರಡು ಪ್ರಕಟಣೆಗಳ ನಡುವೆ ಅವಳಿಗೆ ಅದೇ ಆಟ: ಕೆಳಗಿನವರನ್ನು ನೋಡುತ್ತ, ಈ ಅಜ್ಜಿ ಯಾರ ಮನೆಗೆ ಹೊರಟಿದ್ದಾಳೆ, ಆ ಹುಡುಗ ಮೂರು ಬಸ್ಸು ಬಿಟ್ಟರೂ ಯಾಕೆ ಹತ್ತುತ್ತಿಲ್ಲ, ಆ ಗಂಡ ಹೆಂಡತಿ ಯಾಕೆ ಎರಡು ಬೆಂಚಿನಲ್ಲಿ ಕೂತಿದ್ದಾರೆ ಎಂದು ಊಹಿಸುವುದು. ಹುಟ್ಟಿದಾಗಿನಿಂದಲೂ ಅವಳಿಗೆ ಎಲ್ಲದರ ಬುಡ ನೋಡುವ ಚಾಳಿ. ಇವಳ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಒಲೆ ಮೇಲಿನ ಹಾಲು ಉಕ್ಕಿ ಹೋಗುತ್ತದೆ ಎಂದು ಅವಳ ಅಮ್ಮ ಗೊಣಗುತ್ತಿದ್ದಳು. ಭಾನುವಾರದ ಪಾಠಶಾಲೆಯಲ್ಲಿ, ಹಾವಿಗೆ ತುಟಿಯೇ ಇಲ್ಲ, ಅದು ಹವ್ವಳ ಹತ್ತಿರ ಮಾತಾಡಿದ್ದು ಹೇಗೆ ಎಂದು ಕೇಳಿ ಹೊರಗೆ ನಿಂತವಳು ಅವಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಗೆ ಎಷ್ಟು ಸೋಪು ಹಚ್ಚಿದರೂ ಉಗುರ ಸಂದಿನ ಗ್ರೀಸು ಹೋಗದ, ಹಳೆ ಸಿನಿಮಾ ಹಾಡುಗಳ ಕ್ಯಾಸೆಟ್ ಕೂಡಿಡುವ, ಹೆಚ್ಚು ಮಾತಿಲ್ಲದ ಮನುಷ್ಯ. ಮನೆಯಲ್ಲಿ ಅತ್ತೆ. ಅವರಿಗೆ ಕಿವಿ ಮಂದ. ಸೊಸೆಯ ದನಿ ಊರಿಗೆಲ್ಲ ಕೇಳುತ್ತೆ, ನನಗೊಬ್ಬಳಿಗೆ ಕೇಳಲ್ಲ ಎಂದು ಅವರೇ ಹೇಳಿಕೊಂಡು ನಗುವರು. ಮಕ್ಕಳಿರಲಿಲ್ಲ. ಮೂವರೂ ಪ್ರತಿ ಭಾನುವಾರ ತಪ್ಪದೆ ಚರ್ಚಿನ ಆರಾಧನೆಗೆ ಹೋಗುವರು. ಅಲ್ಲಿ ವೇದಪಾಠ, ಅಂದರೆ ಆ ದಿನದ ಬೈಬಲ್ ಭಾಗ, ಓದುವುದು ಮೈಕಮ್ಮನ ಕೆಲಸ. ಅದಕ್ಕೆ ಬೇರೆ ಯಾರ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

ಅಂಥ ಒಂದು ಭಾನುವಾರವೇ ಅದು ಶುರುವಾಯಿತು. ಯೇಸು ದೋಣಿಯಲ್ಲಿ ಎದ್ದು ನಿಂತು ಗಾಳಿಗೆ ಸುಮ್ಮನಿರು ಎಂದ ಭಾಗ. ಅವಳಿಗೆ ಬಹಳ ಇಷ್ಟವಾದದ್ದು. ಓದುತ್ತ ಓದುತ್ತ ಆ ಹೆಸರಿನ ಹತ್ತಿರ ಬಂದಾಗ, ಎಲ್ಲಿಂದಲೋ ಕಲ್ಲು ಬಿದ್ದ ಹಾಗೆ ಒಂದು ಮಾತು ತಲೆಯೊಳಗೆ ಬಿತ್ತು. ಕೊಳಕು ಬೈಗುಳ. ನಿಲ್ದಾಣದ ಅಂಕಣಗಳಲ್ಲಿ ಡ್ರೈವರುಗಳು ಒಬ್ಬರಿಗೊಬ್ಬರು ಎಸೆಯುವಂಥದ್ದು. ಹುಟ್ಟಿದಾಗಿನಿಂದ ಅವಳು ಅದನ್ನು ಬಾಯಲ್ಲಿ ಆಡಿದವಳಲ್ಲ. ಅದು ಬಂದು ಆ ಪವಿತ್ರ ಹೆಸರಿನ ಪಕ್ಕದಲ್ಲೇ ಕೂತಿತು. ಈಗಲೇ ಹೇಳು, ಜೋರಾಗಿ ಹೇಳು ಎಂದು ನಾಲಿಗೆಯ ತುದಿಯನ್ನು ತಳ್ಳಿತು.

ಅವಳ ಓದು ನಿಂತಿತು. ಮುಂದಿನ ಸಾಲಿನ ಮುದುಕಿಯೊಬ್ಬಳು, ಪಾಪ, ವಾಕ್ಯ ಅವಳ ಮನಸ್ಸು ಕರಗಿಸಿತು ಎಂದುಕೊಂಡು ಕಣ್ಣೊರೆಸಿಕೊಂಡಳು. ಮೈಕಮ್ಮ ಹಲ್ಲು ಕಚ್ಚಿ ಉಳಿದದ್ದನ್ನು ಓದಿ ಮುಗಿಸಿ, ತನ್ನ ಜಾಗಕ್ಕೆ ಬಂದು ಕೂತಳು. ಅಂಗೈ ಒದ್ದೆಯಾಗಿತ್ತು. ಎಷ್ಟು ಚೆನ್ನಾಗಿ ಓದಿದಿರಿ ಇವತ್ತು ಎಂದು ಹೊರಗೆ ಬಂದಾಗ ಮೂರು ಜನ ಹೇಳಿದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಗೂಡಿನಲ್ಲಿ ಕೂತು ಮೊದಲ ಪ್ರಕಟಣೆಗೆ ಗುಂಡಿ ಒತ್ತಿದಳು. ಕೆಂಪು ದೀಪ ಹೊತ್ತಿತು. ಅದೇ ಕ್ಷಣಕ್ಕೆ, ಇಲ್ಲಿ ಹೇಳಿಬಿಟ್ಟರೆ ಎಂಬ ಯೋಚನೆ ಬಂತು. ಸಭೆಯಲ್ಲಾದರೆ ನೂರು ಜನ. ಇಲ್ಲಿ ಇಡೀ ನಿಲ್ದಾಣ. ಆ ಮಾತು ಆ ಹೆಸರಿನ ಜೊತೆ ಎಲ್ಲ ಲೌಡ್‌ಸ್ಪೀಕರುಗಳಿಂದ ಒಟ್ಟಿಗೆ ಹೊರಬಿದ್ದರೆ ಏನಾದೀತು ಎಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಕೈ ತಾನಾಗಿಯೇ ಗುಂಡಿ ಬಿಟ್ಟಿತು. ಬಂದರಿನ ಬಸ್ಸು ಯಾರಿಗೂ ಹೇಳದೆ ಕೇಳದೆ ಹೊರಟುಹೋಯಿತು.

ಅಂದಿನಿಂದ ಅವಳ ಪೀಕಲಾಟ ಒಂದೆರಡಲ್ಲ. ಪ್ರತಿ ಪ್ರಕಟಣೆಗೂ ಮುಂಚೆ ಕಣ್ಣು ಮುಚ್ಚಿ ಪ್ರಾರ್ಥನೆ. ಪ್ರಾರ್ಥನೆಯ ನಡುವೆಯೇ ಆ ಮಾತು ತೂರಿಕೊಳ್ಳುತ್ತಿತ್ತು. ಆಗ ಪ್ರಾರ್ಥನೆ ಕೆಟ್ಟಿತೆಂದು ಮೊದಲಿನಿಂದ ಶುರು. ಹೇಳಿ ಮುಗಿದ ಮೇಲೆ, ನಾನು ಹೇಳಿದ್ದು ಬಸ್ಸಿನ ಹೆಸರನ್ನೇ ತಾನೆ ಎಂಬ ಅನುಮಾನ. ಗಾಜಿನಿಂದ ಬಗ್ಗಿ ಕೆಳಗಿನವರ ಮುಖ ನೋಡುವಳು. ಯಾರಾದರೂ ಮೇಲೆ ನೋಡಿದರೆ ಥಟ್ಟನೆ ಹಿಂದೆ ಸರಿಯುವಳು. ಬಾಯಲ್ಲಿ ಲವಂಗ ಇಟ್ಟುಕೊಂಡು ನೋಡಿದಳು, ನಾಲಿಗೆ ಕಚ್ಚಿಕೊಂಡು ನೋಡಿದಳು. ಆ ಮಾತಿಗೆ ಲವಂಗವೂ ಲೆಕ್ಕಕ್ಕಿಲ್ಲ, ಹಲ್ಲೂ ಲೆಕ್ಕಕ್ಕಿಲ್ಲ.

ಒಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಬಸ್ಸು ಬಂದು ನಿಂತಿತ್ತು. ಅವಳ ಪ್ರಾರ್ಥನೆ ಮುಗಿಯುವ ಮೊದಲೇ ಹೊರಟಿತು. ಅವಳ ಗೂಡಿನ ಕೆಳಗೇ ಒಬ್ಬ ಮುದುಕ ತನ್ನ ಹೆಂಡತಿಯನ್ನು ಭುಜಕ್ಕೆ ಒರಗಿಸಿಕೊಂಡು ಅದೇ ಬಸ್ಸಿಗೆ ಕಾಯುತ್ತಿದ್ದ. ಇನ್ನೂ ಹೇಳಿಲ್ಲ, ಹೇಳಿದ ಮೇಲೆ ಏಳೋಣ ಎಂದು ಅವನು ಹೆಂಡತಿಗೆ ಹೇಳುತ್ತಿದ್ದದ್ದು ಆಮೇಲೆ ಕಂಟ್ರೋಲರ್ ಬಾಯಿಂದ ಅವಳಿಗೆ ತಿಳಿಯಿತು. ಕಂಟ್ರೋಲರ್ ಒಳ್ಳೆಯ ಮನುಷ್ಯರು, ಗದರಲಿಲ್ಲ. ಮೇಡಂ, ಮೈಗೆ ಹುಷಾರಿಲ್ಲ ಅಂದ್ರೆ ರಜೆ ತಗೊಳ್ಳಿ ಎಂದರು ಅಷ್ಟೆ. ಅವಳು ಗಂಟಲು ನೋವು ಎಂದಳು.

ಆ ಗಂಟಲು ನೋವೇ ಆಮೇಲೆ ಎಲ್ಲದಕ್ಕೂ ನೆಪವಾಯಿತು. ಭಾನುವಾರ ವೇದಪಾಠ ಬೇಡವೆಂದಳು, ಗಂಟಲು ನೋವು. ಮನೆಯಲ್ಲಿ ಸಂಜೆಯ ಪ್ರಾರ್ಥನೆಯಲ್ಲಿ ಬಾಯಿ ಬಿಡಲಿಲ್ಲ, ಗಂಟಲು ನೋವು. ಗಂಡ ಪಾಪ ಜೇನುತುಪ್ಪ ತಂದ, ಬಿಸಿನೀರು ಕಾಯಿಸಿ ಉಪ್ಪು ಹಾಕಿ ಕೊಟ್ಟ. ನೋಯದ ಗಂಟಲಿಗೆ ದಿನಾ ಎರಡು ಹೊತ್ತು ಉಪ್ಪುನೀರು ಮುಕ್ಕಳಿಸುತ್ತ ಅವಳು ಬಚ್ಚಲಿನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು, ಎಂಥ ಹೆಂಗಸು ನೀನು ಎಂದು ಕೇಳಿಕೊಳ್ಳುವಳು.

ಸಭೆಯಲ್ಲಿ ಹೆಂಗಸರ ಪ್ರಾರ್ಥನಾ ಗುಂಪು ನಡೆಸುವ ದೊಡ್ಡ ಆಂಟಿಯೊಬ್ಬರಿದ್ದರು. ಉಪವಾಸಕ್ಕೆ, ಶಿಸ್ತಿಗೆ ಎತ್ತಿದ ಕೈ. ಮೈಕಮ್ಮ ಧೈರ್ಯ ಮಾಡಿ ಒಂದು ದಿನ ಅವರ ಹತ್ತಿರ, ನನಗೆ ಗೊತ್ತಿರುವ ಒಬ್ಬಳಿಗೆ ಹೀಗೆಲ್ಲ ಯೋಚನೆ ಬರುತ್ತಂತೆ ಎಂದು ಸುತ್ತಿ ಬಳಸಿ ಕೇಳಿದಳು. ಆಂಟಿ ಕನ್ನಡಕ ಸರಿಮಾಡಿಕೊಂಡು, ತಾನಾಗಿ ಬಾಗಿಲು ತೆಗೆಯದೆ ಅಂಥದ್ದು ಒಳಗೆ ಬರುವುದೇ ಇಲ್ಲ, ಅವಳ ಮನೆಯಲ್ಲಿ ಏನೋ ಇರಬೇಕು, ಹುಡುಕಿ ಹೊರಗೆ ಹಾಕಲಿ, ಉಪವಾಸ ಇರಲಿ, ಒಂದು ಕೆಟ್ಟ ಯೋಚನೆಯೂ ತಲೆಯೊಳಗೆ ಕಾಲಿಡದ ಹಾಗೆ ಕಣ್ಣಲ್ಲಿ ಕಣ್ಣಿಟ್ಟು ಕಾಯಲಿ ಎಂದರು.

ಮೈಕಮ್ಮ ಅಕ್ಷರಶಃ ಪಾಲಿಸಿದಳು. ಟಿವಿ ಧಾರಾವಾಹಿ ನಿಲ್ಲಿಸಿದಳು. ಮನೆಯ ಮೂಲೆ ಮೂಲೆ ಜಾಲಾಡಿದಳು. ಸಂಶಯ ಬರುವಂಥದ್ದು ಗಂಡನ ಕ್ಯಾಸೆಟ್ಟುಗಳ ಹೊರತು ಬೇರೇನೂ ಸಿಗಲಿಲ್ಲ. ಅವನ್ನು ಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟಳು. ಉಪವಾಸ ಕೂತಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಲೆಯೊಳಗೆ ಕಾವಲು ಕಾದಳು. ಆದರೆ ಅದು ಬಂತೇ ಎಂದು ನೋಡಲು ಹೋದಾಗಲೆಲ್ಲ ಅದು ಬಂದೇ ಇರುತ್ತಿತ್ತು. ದಿನಕ್ಕೆ ಹತ್ತು ಸಲ ಬರುತ್ತಿದ್ದದ್ದು ಈಗ ತನ್ನ ಬಳಗವನ್ನೆಲ್ಲ ಕರೆದುಕೊಂಡು ಬರತೊಡಗಿತು. ಉಪವಾಸದ ತಲೆಸುತ್ತು ಬೇರೆ. ಅತ್ತ ಗಂಡ ಸಂಜೆ ಬಂದವನು ಖಾಲಿ ಕಪಾಟಿನ ಮುಂದೆ ಸುಮ್ಮನೆ ನಿಂತು, ತಲೆ ಕೆರೆದುಕೊಂಡು, ಏನೂ ಕೇಳದೆ ಕೈ ತೊಳೆಯಲು ಹೋಗುತ್ತಿದ್ದ. ಅವನು ಕೇಳದೆ ಇದ್ದದ್ದು ಅವಳನ್ನು ಇನ್ನೂ ಸುಟ್ಟಿತು.

ಹೀಗಿರುವಾಗ ಶಾಲೆಗಳಿಗೆ ರಜೆ ಬಿಟ್ಟ ವಾರ ಬಂತು. ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಮಧ್ಯಾಹ್ನದ ಹೊತ್ತು. ಮೂರನೇ ಅಂಕಣದ ಹತ್ತಿರ ಒಬ್ಬ ಕೆದರಿದ ತಲೆಯವನು ಇದ್ದಕ್ಕಿದ್ದಂತೆ ಕುಡಿದವನ ಹಾಗೆ ತೂರಾಡಿ, ಕಂಬ ಹಿಡಿದು ಬೈಯತೊಡಗಿದ. ಯಾರನ್ನು ಬೈಯುತ್ತಿದ್ದಾನೆ ಎಂದು ಯಾರಿಗೂ ಗೊತ್ತಿಲ್ಲ. ಅವನ ಬಾಯಿಂದ ಬಿದ್ದ ಮಾತುಗಳಲ್ಲಿ ಅವಳ ಆ ಮಾತೂ ಇತ್ತು. ಗಾಜು ದಾಟಿ ಬಂದು ಕಿವಿಗೆ ಬಡಿದಾಗ ಅವಳು ಕುರ್ಚಿಯಲ್ಲೇ ಬೆಚ್ಚಿಬಿದ್ದಳು. ಕೆಳಗೆ ಎಲ್ಲರ ಕತ್ತೂ ಅತ್ತ ತಿರುಗಿತು. ಕೆಲವರು ಛೀ ಎಂದರು, ಕೆಲವರು ಕಿಸಕ್ಕೆಂದರು, ಅಮ್ಮಂದಿರು ಮಕ್ಕಳ ಕಿವಿ ಮುಚ್ಚಿದರು.

ಬೇರೆ ಯಾರಾದರೂ ಆಗಿದ್ದರೆ ಅವನನ್ನೇ ನೋಡುತ್ತ ಕೂರುತ್ತಿದ್ದರು. ಇವಳ ಹಳೆ ಚಾಳಿ ಎಲ್ಲಿ ಹೋಗಬೇಕು? ಎಲ್ಲರೂ ನೋಡುತ್ತಿರುವಾಗ ಯಾರು ನೋಡುತ್ತಿಲ್ಲ ಎಂದು ಅವಳ ಕಣ್ಣು ಹುಡುಕಿತು. ಒಬ್ಬನಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಬಗಲಲ್ಲಿ ಒಂದು ಫೈಲು. ಯಾವುದೋ ಆಫೀಸಿನ ಗುಮಾಸ್ತನ ಹಾಗೆ, ಸ್ವಲ್ಪ ದಾರಿ ಬಿಡಿ ಎಂದು ಬಹಳ ಮರ್ಯಾದೆಯಿಂದ ಕೇಳಿಕೊಳ್ಳುತ್ತ ಗುಂಪಿನೊಳಗೆ ಸರಿಯುತ್ತಿದ್ದ. ಜನರೂ ಮರ್ಯಾದೆಯಿಂದ ದಾರಿ ಬಿಡುತ್ತಿದ್ದರು. ಅವನು ದಾಟಿದ ಕಡೆಯಲ್ಲೆಲ್ಲ ಫೈಲಿನ ಮರೆಯಲ್ಲಿ ಅವನ ಇನ್ನೊಂದು ಕೈ ಚೀಲಗಳೊಳಗೆ ಇಳಿದು ಮೇಲೆ ಬರುತ್ತಿತ್ತು. ಮೇಲಿನಿಂದ ಅದು ಹಗಲಿನಷ್ಟು ನಿಚ್ಚಳ.

ಅವಳು ಗುಂಡಿ ಒತ್ತಿದಳು. ಕೆಂಪು ದೀಪ ಹೊತ್ತಿತು. ಆ ಮಾತು ಎಂದಿನಂತೆ ಓಡಿಬಂದು ನಾಲಿಗೆಯ ತುದಿಯಲ್ಲಿ ನಿಂತಿತು. ಕಣ್ಣು ಮುಚ್ಚುವುದಕ್ಕೂ ಪ್ರಾರ್ಥನೆ ಮಾಡುವುದಕ್ಕೂ ಹೊತ್ತಿರಲಿಲ್ಲ.

"ಪ್ರಯಾಣಿಕರ ಗಮನಕ್ಕೆ," ಎಂದಳು. "ಬೈಯುತ್ತಿರುವವನನ್ನು ನೋಡಬೇಡಿ. ನಿಮ್ಮ ನಿಮ್ಮ ಚೀಲ ನೋಡಿಕೊಳ್ಳಿ. ಮೂರನೇ ಅಂಕಣದಲ್ಲಿ ಬಿಳಿ ಅಂಗಿ ಹಾಕಿಕೊಂಡು, ಬಗಲಲ್ಲಿ ಫೈಲು ಹಿಡಿದವರು ದಯವಿಟ್ಟು ಅಲ್ಲೇ ನಿಲ್ಲಬೇಕು. ಕಂಡಕ್ಟರುಗಳು ಅವರ ಹತ್ತಿರ ಹೋಗಬೇಕಾಗಿ ವಿನಂತಿ."

ಬಿಳಿ ಅಂಗಿಯವನು ನಿಲ್ಲಲಿಲ್ಲ. ಆದರೆ ಎರಡು ಹೆಜ್ಜೆ ಇಡುವುದರೊಳಗೆ ಇಬ್ಬರು ಕಂಡಕ್ಟರುಗಳು ಅವನ ಕಾಲರಿಗೆ ಕೈ ಹಾಕಿದರು. ಕಂಬ ಹಿಡಿದಿದ್ದವನ ಅಮಲು ಆ ಕ್ಷಣವೇ ಇಳಿದುಹೋಗಿ, ಅವನು ನೆಟ್ಟಗೆ ನಿಂತು, ಹಿಂದಿನ ಗೇಟಿನ ಕಡೆ ಬಾಣ ಬಿಟ್ಟ ಹಾಗೆ ಓಡಿದ. ಆಮೇಲೆ ಒಂದಷ್ಟು ಹೊತ್ತು ಅವರವರ ಪರ್ಸು ಅವರವರಿಗೆ ಹಂಚುವ ಗದ್ದಲ. ಕಂಟ್ರೋಲರ್ ಮೆಟ್ಟಿಲು ಹತ್ತಿ ಬಂದು, ದಯವಿಟ್ಟು ನಿಲ್ಲಬೇಕು ಅಂತ ಜೇಬುಗಳ್ಳನಿಗೂ ವಿನಂತಿ ಮಾಡಿದವರನ್ನು ನಾನು ಇದೇ ಮೊದಲು ನೋಡಿದ್ದು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಲ್ಲರೂ ಹೋದ ಮೇಲೆ ಅವಳು ನೀರು ಕುಡಿದು ಸುಮ್ಮನೆ ಕೂತಳು. ಆಗ ಹೊಳೆಯಿತು: ಆ ಮಾತು ಬಂದಿತ್ತು. ಬಂದೇ ಇತ್ತು. ಅದು ಅಲ್ಲಿ ನಿಂತಿರುವಾಗಲೇ ಅವಳು ಬೇರೆ ಮಾತು ಆಡಿ ಮುಗಿಸಿದ್ದಳು. ಆಕಾಶವೇನೂ ಕಳಚಿ ಬೀಳಲಿಲ್ಲ.

ಬಹಳ ದಿನಗಳ ಮೇಲೆ ಅವಳಿಗೆ ಭಯದ ಜಾಗದಲ್ಲಿ ಕುತೂಹಲ ಬಂತು. ಇಷ್ಟು ದಿನ ಅವಳು ಆ ಮಾತನ್ನು ಒದ್ದೋಡಿಸಲು ನೋಡಿದ್ದಳೇ ಹೊರತು, ಅದನ್ನು ಕೆಳಗಿನ ಪ್ರಯಾಣಿಕರನ್ನು ನೋಡುವ ಹಾಗೆ ಒಮ್ಮೆಯೂ ನೋಡಿರಲಿಲ್ಲ. ಇದು ಎಲ್ಲಿ ಹತ್ತುತ್ತದೆ, ಎಲ್ಲಿ ಇಳಿಯುತ್ತದೆ? ಎರಡು ಮೂರು ದಿನ ಗಮನಿಸಿದಳು. ಬಟ್ಟೆ ಒಗೆಯುವಾಗ ಬರುವುದಿಲ್ಲ. ಆಗಾಗ ಬಂದು ಹೋಗುವ ನಾದಿನಿಯ ಮೇಲೆ ಸಿಟ್ಟು ಬಂದು ಪಾತ್ರೆ ಕುಕ್ಕುವಾಗ ಬರಬೇಕಿತ್ತು ತಾನೆ? ಆಗಲೂ ಬರುವುದಿಲ್ಲ. ಅವಳಿಗೆ ಅತಿ ಪ್ರಿಯವಾದ ಆ ಹೆಸರು ಎಲ್ಲಿದೆಯೋ ಅಲ್ಲಿ, ಅವಳು ಅತಿ ಜತನದಿಂದ ಮಾಡುವ ಕೆಲಸ ಎಲ್ಲಿದೆಯೋ ಅಲ್ಲಿ ಮಾತ್ರ. ಅವಳು ಕೆಟ್ಟವಳಾಗಿದ್ದರಿಂದ ಅದು ಬರುತ್ತಿದ್ದರೆ, ಕೆಟ್ಟ ಹೊತ್ತಿನಲ್ಲಿ ಯಾಕೆ ಬರುವುದಿಲ್ಲ?

ಅದಕ್ಕಿಂತ ದೊಡ್ಡ ಪ್ರಶ್ನೆ ಬಿಳಿ ಅಂಗಿಯವನದು. ಕಿರುಚುವವನು ಒಬ್ಬನಿದ್ದರೆ ಕೈ ಹಾಕುವವನು ಇನ್ನೊಬ್ಬನಿರಬೇಕಲ್ಲ, ನನ್ನ ತಲೆಯೊಳಗೆ ಅವನು ಯಾರು ಎಂದು ಅವಳು ಯೋಚಿಸಿದಳು. ಮಾರನೇ ದಿನ ಸಿಕ್ಕಿಬಿದ್ದ. ಆ ಕೊಳಕು ಮಾತು ಬಂದು ಹೋದ ಬೆನ್ನಿಗೇ ಒಂದು ಮೆಲುದನಿ, ಅವಳದೇ ದನಿ, ಸಭೆಯಲ್ಲಿ ಆಡುವಂಥ ಶುದ್ಧ ಭಾಷೆಯಲ್ಲಿ, ನಿನ್ನಂಥವಳು ವೇದಪಾಠ ಓದುವುದು ಸರಿಯೇ, ಸುಮ್ಮನೆ ಹಿಂದೆ ಕೂತರೆ ದೇವರಿಗೇ ಗೌರವ ಎಂದಿತು. ಗಂಡನಿಗೆ ಹೇಳಿ ಪಾಪ ಅವನ ಮನಸ್ಸು ಯಾಕೆ ನೋಯಿಸುತ್ತೀ ಎಂದಿತು. ಇಷ್ಟು ದಿನ ಅವಳು ಅದನ್ನು ತನ್ನ ದೀನತೆ ಎಂದುಕೊಂಡಿದ್ದಳು, ದೇವರ ಭಯ ಎಂದುಕೊಂಡಿದ್ದಳು, ಮರ್ಯಾದೆಯಿಂದ ದಾರಿ ಬಿಟ್ಟಿದ್ದಳು. ಚೀಲ ತೆರೆದು ನೋಡಿಕೊಂಡರೆ ಏನೆಲ್ಲ ಹೋಗಿತ್ತು! ವೇದಪಾಠ ಹೋಗಿತ್ತು. ಸಂಜೆಯ ಪ್ರಾರ್ಥನೆ ಹೋಗಿತ್ತು. ಊಟ, ನಿದ್ದೆ ಹೋಗಿದ್ದವು. ಗಂಡನ ಮುಂದೆ ನಿಜ ಹೇಳುವ ಬಾಯಿ ಹೋಗಿತ್ತು. ಅವನ ಕ್ಯಾಸೆಟ್ಟುಗಳೂ ಹೋಗಿದ್ದವು. ಬೈಗುಳ ಇದರಲ್ಲಿ ಒಂದನ್ನೂ ಕದ್ದಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ, ಹಿತ್ತಲ ಮೆಟ್ಟಿಲ ಮೇಲೆ ಕೂತು ಗಂಡ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅತ್ತೆ ಒಂದು ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದರು. ಅವಳು ಬಂದು ಅವನ ಹತ್ತಿರ ಕೂತಳು.

"ರೀ, ನನಗೆ ಗಂಟಲು ನೋವಿಲ್ಲ," ಎಂದಳು.

"ಗೊತ್ತು," ಎಂದ ಅವನು, ಚೈನಿನಿಂದ ಕಣ್ಣು ತೆಗೆಯದೆ. "ಗಂಟಲು ನೋಯೋರು ಅಷ್ಟು ಬೇಗ ನೀರು ಕುಡಿಯಲ್ಲ."

ಅವಳು ಎಲ್ಲ ಹೇಳಿದಳು. ಮೊದಲ ಭಾನುವಾರದಿಂದ ಹಿಡಿದು ಗುಜರಿಯವನವರೆಗೆ. ಕ್ಯಾಸೆಟ್ಟಿನ ಮಾತು ಬಂದಾಗ ಅವನ ಕೈ ಒಂದು ಗಳಿಗೆ ನಿಂತಿತು. ಅಂದರೆ ಅದನ್ನು ಒಯ್ದದ್ದು ಸೈತಾನನಲ್ಲ, ಗುಜರಿಯವನು ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮತ್ತೆ ಎಣ್ಣೆ ಬಿಡತೊಡಗಿದ. ಆಮೇಲೆ, ಆ ಮಾತು ಯಾವುದು ಎಂದು ಕೇಳಿದ. ಅವಳು ತಲೆ ಅಲ್ಲಾಡಿಸಿದಳು, ಹೇಳಲಾರೆ ಎಂದು. ಅವನು ಬಗ್ಗಿ ಅವಳ ಕಿವಿಯಲ್ಲಿ ಒಂದು ಪಿಸುಗುಟ್ಟಿದ. ಅದಲ್ಲ ಎಂದಳು. ಇನ್ನೊಂದು ಹೇಳಿದ. ಛೀ, ಅದೂ ಅಲ್ಲ. ಡಿಪೋದಲ್ಲಿ ಇಷ್ಟು ವರ್ಷ ದುಡಿದವನ ಹತ್ತಿರ ಸರಕಿಗೆ ಕೊರತೆಯೇ? ಒಂದಾದ ಮೇಲೊಂದು ತೆಗೆದ. ಅವುಗಳಲ್ಲಿ ಕೆಲವು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಕೊನೆಗೆ ಒಂದಕ್ಕೆ ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹೌದೆಂದಳು.

"ಇದಾ? ನಟ್ಟು ಬಿಗಿಯಾಗಿ ಕೂತ್ರೆ ನಮ್ಮ ಹೆಡ್ ಮೆಕ್ಯಾನಿಕ್ ಅದಕ್ಕೆ ಇಡೋ ಹೆಸರೇ ಇದು."

ಅವಳಿಗೆ ನಗು ಬಂತು. ತಡೆಯಲು ಹೋದಷ್ಟೂ ಉಕ್ಕಿತು. ಅವನಿಗೂ ಬಂತು. ಇಬ್ಬರೂ ಮೆಟ್ಟಿಲ ಮೇಲೆ ಹೊಟ್ಟೆ ಹುಣ್ಣಾಗುವ ಹಾಗೆ ನಗುವುದನ್ನು ಕಂಡು ಅತ್ತೆ, ಏನಂತೆ ಎಂದು ಕೇಳಿದರು. ಬಸ್ಸಿನ ವಿಷಯ ಕಣಮ್ಮ ಎಂದು ಮಗ ಕೂಗಿದ. ಹಸುವಿನ ವಿಷಯಕ್ಕೆ ಇಷ್ಟು ನಗುವೇ ಎಂದು ಅತ್ತೆ ಬಟಾಣಿಗೆ ವಾಪಸಾದರು.

ನಗುತ್ತ ನಗುತ್ತಲೇ ಮೈಕಮ್ಮನ ಕಣ್ಣು ತುಂಬಿತು. "ಅದು ಸ್ವಾಮಿಯ ಹೆಸರಿನ ಜೊತೆ ಸೇರಿಕೊಂಡು ಬರುತ್ತೆ ರೀ," ಎಂದಳು.

ಅವನ ನಗು ನಿಂತಿತು. ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡ. "ನಿನಗೆ ಹಾಗನ್ನಬೇಕು ಅಂತ ಇದೆಯಾ?" ಎಂದು ಕೇಳಿದ.

"ಸತ್ತರೂ ಇಲ್ಲ."

"ಮತ್ತೆ ಅದು ನಿನ್ನ ಮಾತು ಹೇಗಾಗುತ್ತೆ?"

ಮರುದಿನ ಸಂಜೆ ಇಬ್ಬರೂ ಸಭೆಯ ಪಾದ್ರಿ ಅಯ್ಯನವರ ಹತ್ತಿರ ಹೋದರು. ಅವರು ಆರಾಧನೆಯ ಕೋಣೆಯಲ್ಲಿ ಏಣಿ ಹತ್ತಿ ಬಲ್ಬು ಬದಲಿಸುತ್ತಿದ್ದರು. ಗಂಡ ಏಣಿ ಹಿಡಿದುಕೊಂಡ. ಅವಳು ಕೆಳಗಿನಿಂದಲೇ ಹೇಳತೊಡಗಿದಳು. ಅಯ್ಯನವರು ಹಳೆ ಬಲ್ಬು ಕೈಯಲ್ಲಿ ಹಿಡಿದುಕೊಂಡು ಏಣಿಯ ಮೇಲೆಯೇ ಕೂತು ಎಲ್ಲ ಕೇಳಿಸಿಕೊಂಡರು. ಗಾಬರಿಯಾಗಲಿಲ್ಲ. ಬಾಗಿಲು ತೆರೆದವರು ಯಾರು ಎಂದು ವಿಚಾರಿಸಲಿಲ್ಲ.

ದ್ರಾಕ್ಷಾರಸದ ಪವಿತ್ರ ಪಾತ್ರೆ ಎತ್ತಿದಾಗಲೆಲ್ಲ, ಇದನ್ನು ಮುಂದಿನ ಸಾಲಿನವರ ಮೇಲೆ ಚೆಲ್ಲಿಬಿಡು ಎಂದು ತಮಗೂ ವರ್ಷಗಟ್ಟಲೆ ಅನ್ನಿಸುತ್ತಿತ್ತು ಎಂದು ಅವರು ಹೇಳಿದರು. ಮೊದಮೊದಲು ನಡುಗುತ್ತಿದ್ದರಂತೆ. ಅದಕ್ಕೇ ನೀವು ಪಾತ್ರೆಯನ್ನ ಎರಡು ಕೈಯಲ್ಲಿ ಹಿಡಿಯೋದಾ ಎಂದು ಮೈಕಮ್ಮ ಕೇಳಿಯೇಬಿಟ್ಟಳು. ಹೌದು, ಶುರುವಾದದ್ದು ಅದಕ್ಕೇ, ಜನ ಅದನ್ನ ಭಕ್ತಿ ಅಂದುಕೊಂಡರು ಎಂದು ಅವರು ನಕ್ಕರು.

ಆಮೇಲೆ ಏಣಿಯಿಂದ ಇಳಿದು ಬೆಂಚಿನ ಮೇಲೆ ಅವರಿಬ್ಬರ ಎದುರು ಕೂತರು.

"ನೋಡಮ್ಮ, ಯೇಸುಸ್ವಾಮಿಯ ಕಿವಿಗೂ ಅಂಥ ಮಾತು ಬಿತ್ತು, ಅಡವಿಯಲ್ಲಿ, ಸೈತಾನನ ಬಾಯಿಂದ. ಹಸಿದು ಕೂತಿದ್ದಾಗ. ಕಿವಿಗೆ ಬಿದ್ದ ಮಾತ್ರಕ್ಕೆ ಅವರು ಮೈಲಿಗೆಯಾದರಾ? ಇಲ್ಲ. ಬಂದವನ ಜೊತೆ ದಿನವಿಡೀ ವಾದ ಮಾಡ್ತಾ ಕೂತರಾ? ಅದೂ ಇಲ್ಲ. ಗಟ್ಟಿಯಾಗಿ ಒಂದು ಮಾತು ಹೇಳಿ, ತಂದೆಯ ಕಡೆ ಮುಖ ಮಾಡಿದರು. ಮನಸ್ಸು ಕಾಯೋದು ಅಂದ್ರೆ ಅದು. ಯಾವ ಯೋಚನೆ ಬರುತ್ತೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಯಾರ ಕಡೆ ಮುಖ ಮಾಡ್ತೀರಿ ಅನ್ನೋದು ನಿಮ್ಮ ಕೈಯಲ್ಲಿದೆ."

ಹಾಗಾದರೆ ಈ ಯುದ್ಧದಲ್ಲಿ ನಾನು ಏನು ಮಾಡಲಿ ಎಂದು ಅವಳು ಕೇಳಿದಳು. ಆ ಮಾತು ಬಂದಾಗ ಒಂದೇ ಒಂದು ಸಲ, ಸ್ವಾಮೀ ನಾನು ನಿನ್ನವಳು ಎಂದು ಹೇಳಿ, ಕೈಯಲ್ಲಿದ್ದ ಕೆಲಸ ಮುಂದುವರಿಸಿ ಎಂದರು ಅಯ್ಯನವರು. ಒಂದೇ ಸಲ ಎಂಬುದನ್ನು ಒತ್ತಿ ಹೇಳಿದರು. ಸರಿಯಾಗಿ ಹೇಳಿದೆನೇ ಇಲ್ಲವೇ ಎಂದು ಮತ್ತೆ ಮತ್ತೆ ಹೇಳುತ್ತ ಕೂತರೆ ಅದೂ ಸೈತಾನನಿಗೇ ಲಾಭ ಎಂದರು. ಉಪವಾಸ ಬಿಡಿ, ಹೊಟ್ಟೆ ತುಂಬ ಉಣ್ಣಿ, ನಿದ್ದೆ ಬಾರದಿದ್ದರೆ ಡಾಕ್ಟರ ಹತ್ತಿರವೂ ಹೋಗಿ ಬನ್ನಿ, ಅದರಲ್ಲಿ ನಾಚಿಕೆಯೇನಿಲ್ಲ ಎಂದರು. ಮೆಲುದನಿಯ ಬಗ್ಗೆ ಅವಳು ಕಂಡುಕೊಂಡದ್ದನ್ನು ಹೇಳಿದಾಗ ಮಾತ್ರ ಅವರು ಕೈಯಲ್ಲಿದ್ದ ಹಳೆ ಬಲ್ಬನ್ನು ಬೆಂಚಿನ ಮೇಲೆ ಇಟ್ಟರು. ಮನುಷ್ಯರ ಮೇಲೆ ಹಗಲಿರುಳು ದೂರು ಹೇಳುವುದೇ ಅವನ ಮೊದಲ ಕಸುಬು, ಅದನ್ನ ನಾನು ಎಷ್ಟೋ ಸಲ ಬೋಧನೆ ಮಾಡಿದ್ದೇನೆ, ಆದರೆ ದೂರು ನನ್ನ ದನಿಯಲ್ಲೇ ಬರಬಹುದು ಅಂತ ಹೊಳೆದಿರಲಿಲ್ಲ ಎಂದರು.

ಡಾಕ್ಟರ ಹತ್ತಿರವೂ ಅವಳು ಹೋದಳು. ಇಂಥ ಯೋಚನೆ ಬರುವವರು ಬಹಳ ಜನ, ಹೇಳಿಕೊಳ್ಳುವವರು ಕಡಿಮೆ ಎಂದು ಅವರು ಹೇಳಿ, ಅದರೊಡನೆ ಗುದ್ದಾಡಬೇಡಿ ಎಂದೇ ಹೇಳಿದರು. ಅಯ್ಯನವರೂ ಡಾಕ್ಟರೂ ಮೊದಲೇ ಮಾತಾಡಿಕೊಂಡಿದ್ದರೇ ಎಂದು ಅವಳಿಗೆ ಗುಮಾನಿ.

ಮತ್ತೆ ವೇದಪಾಠ ಓದಲು ಅವಳು ಎದ್ದ ಭಾನುವಾರ ಓದಬೇಕಾಗಿದ್ದದ್ದು ಒಂದು ವಂಶಾವಳಿ. ಇಂಥವನು ಇಂಥವನ ಮಗ, ಅವನು ಇನ್ನೊಬ್ಬನ ಮಗ ಎಂದು, ನಾಲಿಗೆ ಗಂಟುಹಾಕುವ ಹೆಸರುಗಳ ಉದ್ದದ ಸಾಲು. ಬೇರೆಯವರು ಅದನ್ನು ಕಂಡರೆ ಓಡುತ್ತಿದ್ದರು. ಅವಳು ಒಂದೊಂದು ಹೆಸರನ್ನೂ ಅಂಕಣಕ್ಕೆ ಬಸ್ಸು ಬಂದ ಹಾಗೆ ಬಿಡಿಬಿಡಿಯಾಗಿ ಓದುತ್ತ ಹೋದಳು. ನಡುವೆ ಆ ಮಾತು ಬಂತು. ಸ್ವಾಮೀ ನಾನು ನಿನ್ನವಳು ಎಂದು ಒಳಗೇ ಹೇಳಿ ಮುಂದಿನ ಹೆಸರಿಗೆ ಹೋದಳು. ಇನ್ನೂ ಎರಡು ಸಲ ಬಂತು. ಅಷ್ಟು ಜನ ತಾತ ಮುತ್ತಾತಂದಿರ ನೂಕುನುಗ್ಗಲಿನಲ್ಲಿ ಅದಕ್ಕೆ ನಿಲ್ಲಲು ಜಾಗ ಸಿಗಲಿಲ್ಲ. ಕೂತ ಮೇಲೆ ನೋಡಿಕೊಂಡರೆ ಅಂಗೈ ಒದ್ದೆಯಾಗಿತ್ತು, ಸುಳ್ಳೇಕೆ. ಆದರೆ ಓದು ಮುಗಿದಿತ್ತು.

ಪ್ರಾರ್ಥನಾ ಗುಂಪಿನ ಆಂಟಿ ಇಂದಿಗೂ ಅದನ್ನೇ ಹೇಳಿಕೊಡುತ್ತಾರೆ. ಯಾರ ಮನೆಯಲ್ಲಿ ಕಾಯಿಲೆಯಾದರೂ ಊಟದ ಡಬ್ಬಿ ಹಿಡಿದು ಮೊದಲು ಬರುವವರೂ ಅವರೇ. ಮೈಕಮ್ಮ ಅವರೊಡನೆ ವಾದಕ್ಕಿಳಿಯಲಿಲ್ಲ. ಗುಂಪಿನಲ್ಲಿ ಯಾರಾದರೂ ಮುಖ ಇಳಿಬಿಟ್ಟು ಕೂತದ್ದು ಕಂಡರೆ ಮಾತ್ರ, ಮೀಟಿಂಗು ಮುಗಿದ ಮೇಲೆ ಅವರ ಜೊತೆ ಬಸ್ ಸ್ಟಾಪಿನವರೆಗೆ ನಡೆದು ಹೋಗುತ್ತಿದ್ದಳು. ಅಲ್ಲಿ ಏನು ಮಾತಾಡುತ್ತಿದ್ದಳು ಎಂದು ಆಂಟಿಗೆ ತಿಳಿಯದು.

ಗಂಡನಿಗೆ ಸಂತೆಯಲ್ಲಿ ಹುಡುಕಿ ಹುಡುಕಿ ಕೆಲವು ಕ್ಯಾಸೆಟ್ಟು ತಂದುಕೊಟ್ಟಳು. ಅವನು ಬಯಸಿದ್ದವು ಅವಲ್ಲ. ಆದರೂ ಹಾಕಿ ಕೇಳಿದ.

ಆ ಮಾತು ಪೂರ್ತಿ ಹೋಯಿತೇ ಎಂದರೆ ಇಲ್ಲ. ದಿನಕ್ಕೆ ಹಲವು ಸಲ ಬರುತ್ತಿ‌ದ್ದದ್ದು ವಾರಕ್ಕೊಮ್ಮೆಯಾಯಿತು, ಆಮೇಲೆ ಜ್ವರವೋ ಸುಸ್ತೋ ಇದ್ದಾಗ ಮಾತ್ರ. ಮೆಲುದನಿಯವನದು ಹೆಚ್ಚು ಕಷ್ಟ. ಅವನು ಅಂಗಿ ಬದಲಿಸಿಕೊಂಡು ಬರುತ್ತಿದ್ದ. ಒಮ್ಮೆ, ನೋಡು ನೀನು ಹೇಗೆ ಗೆದ್ದೆ, ಈ ಸಭೆಯಲ್ಲಿ ನಿನ್ನಷ್ಟು ಗಟ್ಟಿ ಯಾರಿದ್ದಾರೆ ಎಂದು ಬಂದ. ಅವಳು ಅರ್ಧ ದಿನ ಖುಷಿಯಾಗಿ ಅದನ್ನು ನಂಬಿ, ಸಂಜೆ ಅತ್ತೆಯ ಮೇಲೆ ಸುಮ್ಮಸುಮ್ಮನೆ ರೇಗಿದ ಮೇಲೆ ಗುರುತು ಹಿಡಿದಳು. ಅಷ್ಟೊಂದು ಬೈಗುಳಗಳಿರುವಾಗ ಆ ಒಂದೇ ಮಾತು ಯಾಕೆ ಬಂತು ಎಂಬ ಪ್ರಶ್ನೆ ಮಾತ್ರ ಅವಳನ್ನು ಬಿಡಲಿಲ್ಲ. ಅಯ್ಯನವರನ್ನು ಕೇಳಿದಳು, ಡಾಕ್ಟರನ್ನು ಕೇಳಿದಳು. ಇಬ್ಬರೂ ಗೊತ್ತಿಲ್ಲ ಎಂದರು. ಗೊತ್ತಿಲ್ಲದೆಯೂ ಬದುಕಬಹುದು ಎಂಬುದು ಅವಳಿಗೆ ಹೊಸ ವಿಷಯ.

ಕೆಲವು ವರ್ಷಗಳ ನಂತರ ನಿಲ್ದಾಣಕ್ಕೆ ಯಂತ್ರ ಬಂತು. ಮೊದಲೇ ಮುದ್ರಿಸಿಟ್ಟ ದನಿ ತಾನಾಗಿಯೇ ಹೇಳುತ್ತದೆ, ಮನುಷ್ಯರು ಬೇಕಿಲ್ಲ. ಮೈಕಮ್ಮನಿಗೆ ಕೆಳಗೆ ವಿಚಾರಣೆ ಕೌಂಟರಿನಲ್ಲಿ ಕುರ್ಚಿ ಕೊಟ್ಟರು. ಜನ ಬಂದು ಕೇಳುವ ನೂರೆಂಟು ಪ್ರಶ್ನೆಗಳಿಗೆ ಉತ್ತರ ಹೇಳುವ ಕೆಲಸ. ಅವಳು ಉತ್ತರಕ್ಕಿಂತ ಹೆಚ್ಚು ಪ್ರಶ್ನೆ ತಾನೇ ಕೇಳುತ್ತಾಳೆ, ಹಾಗಾಗಿ ಸಾಲು ಮುಂದಕ್ಕೆ ಹೋಗುವುದೇ ಇಲ್ಲ ಎಂದು ಕಂಟ್ರೋಲರ್ ದೂರು.

ಗೂಡಿನಲ್ಲಿ ಕೊನೆಯ ದಿನ, ಕೊನೆಯ ಪ್ರಕಟಣೆ ಮಾರ್ಕೆಟ್ ಬಸ್ಸಿನದು. ಗುಂಡಿ ಒತ್ತಿದಳು. ಬಹಳ ದಿನಗಳಿಂದ ಕಾಣದಿದ್ದ ಆ ಮಾತು ಅವತ್ತು ಬಂತು. ಬಂದೆಯಾ ಎಂದುಕೊಂಡಳು. ನಾನು ನಿನ್ನವಳು ಎಂದು ಸ್ವಾಮಿಗೆ ಹೇಳಿದಳು. ಮಾರ್ಕೆಟ್ ಬಸ್ಸು ಐದನೇ ಅಂಕಣದಿಂದ ಹೊರಡಲು ಸಿದ್ಧವಾಗಿದೆ, ಪ್ರಯಾಣಿಕರು ಹತ್ತಿಕೊಳ್ಳಬೇಕು ಎಂದು ಊರಿಗೆಲ್ಲ ಹೇಳಿದಳು. ಜನ ಹತ್ತಿಕೊಂಡರು. ಅವಳು ನೀರಿನ ಬಾಟಲಿ, ಕುರ್ಚಿಯ ಮೇಲಿನ ಟವೆಲು ಎತ್ತಿಕೊಂಡು, ಫ್ಯಾನು ಆರಿಸಿ, ಮೆಟ್ಟಿಲು ಇಳಿದು ಬಂದಳು.